ಆರು ಹೊಂಡ, ಒಂದೇ ಜೊಂಡು

ಹೊಂಡದ ಕಚೇರಿ
ಫೆಬ್ರವರಿ 11, 1997

ಪಿಟೀಲು,

ಫೋನು ಮಾಡಿದರೆ ನಾನು ಕಿರುಚುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಕಾಗದವನ್ನೂ ನೀನು ಅರ್ಧಕ್ಕೆ ಮಡಚಿ ಇಡಬಹುದು, ಆದರೆ ಅದು ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ನಿಮ್ಮ ಜಲಮಂಡಳಿಯಿಂದ ಆದೇಶ ಬಂದಿದೆ. ನನ್ನ ಆರೂ ಹೊಂಡಗಳ ಗಿಡಗಳನ್ನು ಬೇರುಸಮೇತ ಕಿತ್ತು, ಆರಕ್ಕೂ ಒಂದೇ ಜಾತಿಯ ಜೊಂಡು ನೆಡಬೇಕಂತೆ. ಸಸಿಗಳು ಲಾರಿಯಲ್ಲಿ ಬರುತ್ತವಂತೆ. ಎಲ್ಲ ಒಂದೇ ತಾಯಿಬುಡದಿಂದ ಸೀಳಿದವು, ಒಂದೇ ಎತ್ತರ, ಒಂದೇ ವಯಸ್ಸು. ಯಾಕೆ ಎಂದರೆ "ಏಕರೂಪದ, ಸ್ಥಿರವಾದ ಕಾರ್ಯಕ್ಷಮತೆಗಾಗಿ" ಎಂದು ಬರೆದಿದ್ದಾರೆ. ಇದನ್ನು ಬರೆದ ಪುಣ್ಯಾತ್ಮ ಜೀವಮಾನದಲ್ಲಿ ಒಮ್ಮೆಯಾದರೂ ಬೂಟು ಹಾಕಿಕೊಂಡು ಹೊಂಡಕ್ಕೆ ಇಳಿದಿದ್ದಾನಾ?

ಊರಿನ ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರೆಲ್ಲ ದೊಡ್ಡ ತೊಟ್ಟಿಯಲ್ಲಿ ನಿಂತು, ಕೆಸರು ಇಳಿಸಿ, ಆಮೇಲೆ ನನ್ನ ಹೊಂಡಗಳ ಬೇರುಗಳ ನಡುವೆ ಹರಿದು ನದಿಗೆ ಸೇರುತ್ತದೆ. ಬೇರಿಗೆ ಅಂಟಿಕೊಂಡ, ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನು ತಿನ್ನುತ್ತವೆ. ಒಂದೊಂದು ಗಿಡದ ಬೇರಿನಲ್ಲಿ ಒಂದೊಂದು ಬಗೆಯ ಜೀವಿ. ಹೋದ ಬೇಸಿಗೆಯಲ್ಲಿ ಆಪುಹುಲ್ಲು ಒಣಗಿತು, ಕಾಬಾಳೆ ಗಿಡ ಅದರ ಜಾಗಕ್ಕೆ ನುಗ್ಗಿತು. ಅದರ ಹಿಂದಿನ ಚಳಿಗೆ ಕಾಬಾಳೆ ಕರಗಿತು, ಬಜೆ ಕೈ ಹಿಡಿಯಿತು. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಅಡುಗೆ ಮಾಡುತ್ತಾರಲ್ಲ, ಹಾಗೆ. ಎಲ್ಲ ಒಂದೇ ಮೈಯಾದರೆ ಜ್ವರವೂ ಎಲ್ಲರಿಗೂ ಒಂದೇ ದಿನ ಬರುತ್ತದೆ.

ನೀನು ಯೋಜನಾ ವಿಭಾಗದಲ್ಲೇ ಕೂತಿದ್ದೀಯ. ಇದು ಯಾರ ಮೇಜಿನಿಂದ ಎದ್ದದ್ದು ಎಂದು ಪತ್ತೆ ಮಾಡಿ ತಡೆ.

ಅಕ್ಕ ಚೆನ್ನಾಗಿದ್ದಾಳೆ. ತನ್ನ ಬಾಡಿಗೆ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದಾಳೆ. "ನನ್ನ ಮಗಳಿಗೆ ಬೈದು ಬರೀಬೇಡ ಕಣೆ, ಒಬ್ಬಳೇ ಇರ್ತಾಳೆ" ಎಂದಳು. ಬೈದಿಲ್ಲ ಎಂದು ಹೇಳಿದ್ದೇನೆ. ಸಾಕ್ಷಿ ಹೇಳು.

ಚಿಕ್ಕಿ


ಫೆಬ್ರವರಿ 19, 1997

ಚಿಕ್ಕಿ,

ಬೈದಿಲ್ಲ, ಸರಿ. ಬರೀ ಬಡಿದಿದ್ದೀಯ.

ಆದೇಶ ಮೇಲಿನಿಂದ ಬಂದದ್ದು. ತಡೆಯುವುದು ನನ್ನ ಕೈಯಲ್ಲಿಲ್ಲ. ಆದರೆ ಒಂದು ಮಾತು ಕೇಳು, ಅಮ್ಮನ ತಂಗಿ ಎಂದಲ್ಲ, ಅದೇ ಕಾಲೇಜಿನಲ್ಲಿ ಅದೇ ವಿಷಯ ಓದಿದವಳು ಎಂದುಕೊಂಡು ಕೇಳು. ನಿನ್ನ ವರ್ಷವರ್ಷದ ವರದಿಗಳನ್ನೇ ಮುಂದಿಟ್ಟುಕೊಂಡು ನೋಡಿದೆ. ಒಂದು ವರ್ಷ ಆಪು ಸತ್ತಿತು, ಇನ್ನೊಂದು ವರ್ಷ ಕಾಬಾಳೆ ಸತ್ತಿತು, ಮತ್ತೊಂದು ವರ್ಷ ಕೆಸುವಿನ ಎಲೆಗೆಲ್ಲ ಚುಕ್ಕೆ. ಯಾವ ಗಿಡವೂ ಮೂರು ವರ್ಷ ನೆಟ್ಟಗೆ ನಿಂತಿದ್ದಿಲ್ಲ. ಇದನ್ನು ಓದುವ ಎಂಜಿನಿಯರ್ ಏನೆಂದುಕೊಳ್ಳುತ್ತಾನೆ? ಊರು ಎರಡು ಪಟ್ಟಾಗಿದೆ, ಹೊಂಡ ಅಷ್ಟೇ ಇದೆ. ಜೊಂಡು ಬೇಗ ಬೆಳೆಯುತ್ತದೆ, ಹೆಚ್ಚು ಹೊಲಸು ಹೀರುತ್ತದೆ, ಯಂತ್ರದಲ್ಲಿ ಕೊಯ್ಯಬಹುದು.

ನೀನು ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಅಮ್ಮ ನಮ್ಮಿಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಫ್ರಾಕು ಹೊಲಿದವಳು. ನೆಂಟಸ್ತಿಕೆಯಲ್ಲಿ ಮಾತ್ರ ನೀನು ಚಿಕ್ಕಮ್ಮ. ಆದರೂ ಜಗಳ ಬಂದಾಗಲೆಲ್ಲ ಆ ನೆಂಟಸ್ತಿಕೆ ಎತ್ತಿಕೊಂಡು ಬರುತ್ತೀಯ. ಈ ಸಲ ಬೇಡ. ಒಂದು ವರ್ಷ ನೋಡು.

ಪಿಟೀಲು


ಮಾರ್ಚ್ 9, 1997

ಪಿಟೀಲು,

ಕಿತ್ತರು.

ಯಂತ್ರ ನಾಲ್ಕನೇ ಹೊಂಡದಿಂದ ಶುರುಮಾಡಿತು. ಬಜೆಯ ಗೆಡ್ಡೆ ಮುರಿದಾಗ ಬರುವ ವಾಸನೆ ನಿನಗೆ ಗೊತ್ತು. ಇಷ್ಟು ವರ್ಷ ಕೊಳಚೆ ಕುಡಿದ ಗಿಡ, ಸಾಯುವಾಗ ಇಡೀ ಬೀದಿ ಘಮ್ಮೆಂದಿತು. ಕಪ್ಪೆಗಳು ರಸ್ತೆಗೆ ಬಂದವು. ಬಸ್ಸು ನಿಲ್ಲಿಸಿ ಜನ ಕಿಟಕಿಯಿಂದ ಬಗ್ಗಿ ನೋಡಿದರು. ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೇಡ, ಹೆಸರು ಗೊತ್ತಿಲ್ಲದ್ದು ಎಷ್ಟೋ, ಮಣ್ಣಿನ ಗುಡ್ಡೆಯ ಮೇಲೆ ಮಿಸುಕುತ್ತಿದ್ದವು. ನಮ್ಮ ವಾಲ್ವ್‌ಮನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಮೇಡಂ, ಇವರೆಲ್ಲ ನಮ್ಮ ಜೊತೆ ಡ್ಯೂಟಿ ಮಾಡ್ತಿದ್ರಾ?" ಎಂದ. ನಗು ಬಂತು. ಆಮೇಲೆ ಎಂಥದೋ ಬಂತು, ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಂದೊಂದು ಗಿಡ ಸತ್ತಿದ್ದನ್ನು ನೋಡಿದೆಯಲ್ಲ, ಅದೇ ವರದಿಯ ಕೊನೆಯ ಪುಟದಲ್ಲಿ ನದಿಗೆ ಬಿಟ್ಟ ನೀರಿನ ಪರೀಕ್ಷೆ ಇತ್ತು. ಅದು ಒಂದು ವರ್ಷವಾದರೂ ಕೆಟ್ಟಿತ್ತಾ? ಒಳಗೆ ಯಾರು ಬಿದ್ದರು, ಯಾರು ಎದ್ದರು ಎನ್ನುವುದು ಹೊಂಡದ ಸಂಸಾರ. ಹೊರಗೆ ಹೋದ ನೀರು ಮಾತ್ರ ಪ್ರತಿವರ್ಷ ಒಂದೇ ಥರ. ನೀನು ಸಾವು ಎಣಿಸಿದೆ, ನೀರು ನೋಡಲಿಲ್ಲ. ಅದೇ ವಿಷಯ ಓದಿದವಳು ಅಂತೆ!

ಮುಂದಿನ ತಿಂಗಳು ಉದ್ಘಾಟನೆ. ಮುಖ್ಯ ಎಂಜಿನಿಯರ್ ಬರುತ್ತಾರಂತೆ, ರಿಬ್ಬನ್ ಕತ್ತರಿಸಲು. ಕೊಳಚೆ ಹೊಂಡಕ್ಕೆ ರಿಬ್ಬನ್! ನೀನೂ ಬಾ. ಅಕ್ಕ ಬಾಯಿಬಿಟ್ಟು ಹೇಳುವುದಿಲ್ಲ, ದಾರಿ ನೋಡುತ್ತಾಳೆ.

ಚಿಕ್ಕಿ


ಏಪ್ರಿಲ್ 14, 1997

ಸಹಾಯಕ ಯೋಜನಾಧಿಕಾರಿಯವರಿಗೆ,

ಉದ್ಘಾಟನೆ ನೆರವೇರಿದೆ. ಆರೂ ಹೊಂಡಗಳಲ್ಲಿ ಜೊಂಡು ನೆಟ್ಟಾಗಿದೆ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಕಳುಹಿಸಲಾಗುವುದು.

ನಿಮ್ಮ ತಾಯಿಯವರು ಆರೋಗ್ಯವಾಗಿದ್ದಾರೆ.

ಮೇಲ್ವಿಚಾರಕಿ


ಏಪ್ರಿಲ್ 22, 1997

ಚಿಕ್ಕಿ,

ಇದೇನಿದು, "ನಿಮ್ಮ ತಾಯಿಯವರು"? ಉದ್ಘಾಟನೆಗೆ ಬರಲಿಲ್ಲ ಎಂದು ಕೋಪವಾ? ಇಲ್ಲಿ ಮೀಟಿಂಗ್ ಇತ್ತು, ಅಮ್ಮನಿಗೂ ಹೇಳಿದ್ದೆ. ಗಿಡಗಳು ಹೋದ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗಿಡದ ಸಿಟ್ಟನ್ನು ಮನುಷ್ಯರ ಮೇಲೆ ತೋರಿಸಬೇಡ. ಮುಖ ಊದಿಸಿಕೊಂಡರೆ ನೀನು ಚಿಕ್ಕವಳಿದ್ದಾಗಿನ ಹಾಗೇ ಕಾಣುತ್ತೀಯ, ಕೆನ್ನೆಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡವಳ ಹಾಗೆ.

ಬರೆ.

ಪಿಟೀಲು


ಸೆಪ್ಟೆಂಬರ್ 30, 1997

ಚಿಕ್ಕಿ,

ನನ್ನ ಮೂರು ಕಾಗದಕ್ಕೆ ಉತ್ತರವಿಲ್ಲ. ಪರೀಕ್ಷೆಯ ಹಾಳೆ ಮಾತ್ರ ತಿಂಗಳು ತಪ್ಪದೆ ಬರುತ್ತಿದೆ. ಅದರ ಅಂಚಿನಲ್ಲಾದರೂ ಒಂದು ಬೈಗುಳ ಇರಬಹುದೆಂದು ಹುಡುಕುತ್ತೇನೆ. ಇಲ್ಲ.

ಸರಿ, ನಾನೇ ಹೇಳುತ್ತೇನೆ. ನೀರು ಮುಂಚೆಗಿಂತ ಚೆನ್ನಾಗಿದೆ. ಒಂದು ತಿಂಗಳಲ್ಲ, ಐದು ತಿಂಗಳೂ ಚೆನ್ನಾಗಿದೆ. ಹಾಳೆಯ ಕೆಳಗೆ ನಿನ್ನದೇ ಸಹಿ. ಜೊಂಡು ಆಳೆತ್ತರ ಬೆಳೆದಿದೆಯಂತೆ, ನೋಡಲು ಬೇರೆ ಊರಿನ ಎಂಜಿನಿಯರುಗಳು ಬಂದು ಹೋದರಂತೆ. "ನಾನು ಹೇಳಿದ್ದು ತಪ್ಪಾಯಿತು" ಎನ್ನಲು ನಿನಗೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಮೌನ. ಗೊತ್ತು ಬಿಡು. ನಮ್ಮ ಮನೆಯಲ್ಲಿ ಯಾರಿಗೆ ಎದ್ದಿದೆ?

ನನಗೆ ಬಡ್ತಿ ಸಿಕ್ಕಿದೆ. ಕಿಟಕಿ ಇರುವ ಕೋಣೆ ಕೊಟ್ಟಿದ್ದಾರೆ. ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ. ಅಮ್ಮನಿಗೆ ಹೇಳು.

ಪಿಟೀಲು


ಜನವರಿ 12, 1998

ಯೋಜನಾಧಿಕಾರಿಯವರಿಗೆ,

ಬಡ್ತಿಗೆ ಅಭಿನಂದನೆ.

ಎರಡನೇ ಹೊಂಡದಲ್ಲಿ ಜೊಂಡಿನ ಕಾಂಡದ ಮೇಲೆ ಸಣ್ಣ ತೂತುಗಳು ಕಾಣಿಸಿವೆ. ಸೀಳಿ ನೋಡಿದಾಗ ಒಳಗೆ ಹುಳು ಇತ್ತು. ಹುಳು ಹೊಸದಲ್ಲ, ಮೊದಲೂ ಇತ್ತು. ಆಗ ಜೊಂಡು ಅಲ್ಲೊಂದು ಇಲ್ಲೊಂದು ಮಾತ್ರ ಇತ್ತು, ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಕೆಸು, ಕಾಬಾಳೆ ದಾಟಬೇಕಿತ್ತು. ಅಷ್ಟರಲ್ಲಿ ಅದನ್ನು ಯಾರಾದರೂ ತಿನ್ನುತ್ತಿದ್ದರು. ಈಗ ಮೊದಲನೇ ಹೊಂಡದಿಂದ ಆರನೆಯದರವರೆಗೆ ಅದಕ್ಕೆ ಹಾಸಿಟ್ಟ ಊಟ. ಔಷಧಿ ಹೊಡೆದರೆ ಅದು ನೀರಿನ ಜೊತೆ ನದಿಗೆ ಹೋಗುತ್ತದೆ, ಬೇರಿನ ಜೀವಿಗಳೂ ಸಾಯುತ್ತವೆ.

ಬೇಸಿಗೆಗೆ ಮೊದಲು ಮೂರು ಹೊಂಡಗಳಲ್ಲಿ ಪಟ್ಟೆಪಟ್ಟೆಯಾಗಿ ಬೇರೆ ಗಿಡ ನೆಡಲು ಅನುಮತಿ ಬೇಕು. ತುರ್ತು.

ಮೇಲ್ವಿಚಾರಕಿ


ಫೆಬ್ರವರಿ 5, 1998

ಚಿಕ್ಕಿ,

ಮುಖ್ಯ ಎಂಜಿನಿಯರ್ ಒಪ್ಪಲಿಲ್ಲ. ಹೊಸ ಯೋಜನೆಗೆ ಇನ್ನೂ ವರ್ಷ ತುಂಬಿಲ್ಲ, ಈಗಲೇ ಬದಲಾಯಿಸಿದರೆ ಸೋತ ಹಾಗೆ ಕಾಣುತ್ತದೆ ಎಂದರು. ತೂತು ಬಿದ್ದ ಕಾಂಡಗಳನ್ನು ಕೊಯ್ದು ಸುಡಿಸು. ಮೊಳಕೆ ಮತ್ತೆ ಬರುತ್ತದೆ.

ಅಭಿನಂದನೆಗೆ ವಂದನೆ. ಅದನ್ನಾದರೂ ಕೈಯಲ್ಲಿ ಬರೆಯಬಹುದಿತ್ತು, ಟೈಪು ಮಾಡಿಸಿದ್ದೀಯ.

ಪಿಟೀಲು


ಮೇ 17, 1998

ಪಿಟೀಲು,

ಆರೂ ಸತ್ತವು.

ಮೊದಲು ಬಿಸಿಗಾಳಿ ಬಂತು. ಹುಳು ತಿಂದು ಟೊಳ್ಳಾಗಿದ್ದ ಕಾಂಡಗಳು ನಿಂತಲ್ಲೇ ಬೆಳ್ಳಗಾಗಿ ನೀರಿನ ಮೇಲೆ ಮಲಗಿದವು, ಮಲಗಿದ್ದು ಕೊಳೆಯಿತು. ಹೊಲಸು ತಿನ್ನಬೇಕಾಗಿದ್ದ ಹೊಂಡ ತಾನೇ ಹೊಲಸಾಯಿತು. ನೀರು ಕಪ್ಪಗಾಗಿ ಗುಳ್ಳೆ ಏಳುತ್ತಿತ್ತು. ಊರಿನ ಕೊಳಚೆಯನ್ನು ನಿಲ್ಲಿಸಿ ಎಂದು ಯಾರಿಗೆ ಹೇಳಲಿ? ಜನ ಕಕ್ಕಸಿಗೆ ಹೋಗುವುದನ್ನು ಬಿಡುತ್ತಾರಾ? ಬಂದದ್ದು ಬಂದ ಹಾಗೆ ನದಿಗೆ ಹೋಯಿತು. ಮೂರನೇ ದಿನ ಮೀನುಗಳು ಹೊಟ್ಟೆ ಮೇಲಾಗಿ ಅಕ್ಕನ ದೋಣಿಕಟ್ಟೆಯ ತಿರುವಿನಲ್ಲಿ ಬಂದು ಸೇರಿಕೊಂಡವು. ಅಂಗೈಯಗಲದ್ದು, ತೋಳುದ್ದದ್ದು. ಕೆಳಗಿನ ಊರಿನ ಕುಡಿಯುವ ನೀರು ನಿಲ್ಲಿಸಿದ್ದಾರೆ. ಮಕ್ಕಳಿಗೆ ವಾಂತಿಭೇದಿ ಎಂದು ಕೇಳಿದೆ. ಅಲ್ಲಿನ ಹೆಂಗಸೊಬ್ಬಳು ನನ್ನ ಕಚೇರಿಗೆ ಬಂದು, ಬಾಟಲಿಯಲ್ಲಿ ತಂದಿದ್ದ ನಲ್ಲಿ ನೀರನ್ನು ನನ್ನ ಮೇಜಿನ ಮೇಲೆ ಸುರಿದು ಹೋದಳು. ಒರೆಸಲಿಲ್ಲ ನಾನು.

ಈಗ ನಿಮ್ಮವರು ಬಂದಿದ್ದಾರೆ, ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಲು. "ನಿರ್ವಹಣೆಯ ಲೋಪ" ಎಂದು ನನ್ನನ್ನು ಅಮಾನತು ಮಾಡಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಒಂದು ವರ್ಷದಿಂದ ಕೇಳುತ್ತಿದ್ದೀಯಲ್ಲ, ಮುಖ ಯಾಕೆ ಊದಿಸಿಕೊಂಡೆ ಎಂದು. ಉದ್ಘಾಟನೆಯ ದಿನ ಮುಖ್ಯ ಎಂಜಿನಿಯರ್ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ನಿಮಗೆ ಹೆಮ್ಮೆ ಆಗ್ಬೇಕು ಮೇಡಂ! ಇಡೀ ಯೋಜನೆ ನಿಮ್ಮ ಅಕ್ಕನ ಮಗಳದ್ದೇ. ಮೀಟಿಂಗ್‌ನಲ್ಲಿ ಒಬ್ಬಳೇ ಎದ್ದು ನಿಂತು ಹೇಳಿದ್ಲು" ಎಂದರು. ಅಕ್ಕ ಪಕ್ಕದಲ್ಲೇ ಇದ್ದಳು. ಅವಳು ಚಪ್ಪಾಳೆ ತಟ್ಟಿದಳು. ಏನೂ ಗೊತ್ತಿಲ್ಲದೆ, ಮಗಳ ಹೆಸರು ಬಂತೆಂದು. ನಾನೂ ತಟ್ಟಿದೆ.

"ಮೇಲಿನಿಂದ ಬಂದದ್ದು" ಎಂದು ಬರೆದಿದ್ದೆ ನೀನು. ಎಷ್ಟು ಮೇಲೆ? ನಿನ್ನ ಕುರ್ಚಿಯಷ್ಟು ಮೇಲೆ.

ಅಕ್ಕ ಚೆನ್ನಾಗಿದ್ದಾಳೆ.

ಚಿಕ್ಕಿ


ಮೇ 25, 1998

ಚಿಕ್ಕಿ,

ಹೌದು, ನನ್ನದೇ ಯೋಜನೆ. ಈಗ ನನ್ನದನ್ನೂ ಕೇಳು.

ಆ ಮೀಟಿಂಗ್‌ಗೆ ಹೋಗುವಾಗ ಹೊಂಡಗಳ ಕಥೆ ಮುಗಿದಿತ್ತು. ಆರನ್ನೂ ಮುಚ್ಚಿ, ಜಾಗವನ್ನು ಲಾರಿ ನಿಲ್ದಾಣಕ್ಕೆ ಕೊಟ್ಟು, ನೀರನ್ನು ಪೈಪಿನಲ್ಲಿ ನೇರವಾಗಿ ನದಿಯ ಕೆಳಭಾಗಕ್ಕೆ ಬಿಡುವುದೆಂದು ತೀರ್ಮಾನವಾಗಿತ್ತು. ಟೀ ಬಂದಿತ್ತು, ಬಿಸ್ಕತ್ತು ಬಂದಿತ್ತು, ಸಹಿಯೊಂದೇ ಬಾಕಿ. ಆಗ ನಾನು ಎದ್ದು ನಿಂತೆ. ಆ ಮೇಜಿನಲ್ಲಿ ಕೂತವರಿಗೆ ಕಪ್ಪೆ ಬೇಡ, ಬಜೆ ಬೇಡ. ಆಳು ಕಡಿಮೆ ಆಗಬೇಕು, ಯಂತ್ರ ಓಡಬೇಕು, ಅಂಕಿ ಏರಿಳಿಯಬಾರದು. ಅವರಿಗೆ ಅರ್ಥವಾಗುವ ಹೊಂಡ ಅದೊಂದೇ, ಅದನ್ನೇ ಕೊಟ್ಟೆ. ಹಾಗೆ ಕೊಟ್ಟಿದ್ದರಿಂದ ನಿನಗೆ ಒಂದು ವರ್ಷ ಹೊಂಡ ಉಳಿಯಿತು, ನಿನ್ನ ಆಳುಗಳಿಗೆ ಕೆಲಸ ಉಳಿಯಿತು. ನಿನಗೆ ಹೇಳಿದ್ದರೆ ಏನು ಮಾಡುತ್ತಿದ್ದೆ? ಬಸ್ಸು ಹತ್ತಿ ಬಂದು ಕಚೇರಿ ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಿದ್ದೆ. ಅವರು ಅದೇ ದಿನ ಸಹಿ ಹಾಕುತ್ತಿದ್ದರು.

ನಾನು ಸುಳ್ಳು ಹೇಳಿದೆ, ಒಪ್ಪುತ್ತೇನೆ. ನೀನು? ಒಂದು ವರ್ಷ ಎಲ್ಲ ಗೊತ್ತಿದ್ದೂ ಟೈಪು ಮಾಡಿಸಿದ ಕಾಗದ ಕಳಿಸಿದೆ. ಬೈದಿದ್ದರೆ ನಾನು ಕೇಳುತ್ತಿದ್ದೆ. ನಿನ್ನ ಬೈಗುಳಕ್ಕೆ ನಾನು ಯಾವತ್ತು ಕಿವಿಗೊಟ್ಟಿಲ್ಲ ಹೇಳು? "ಸ್ವಾಮೀ, ಹುಳು ಬಂದಿದೆ" ಎಂದು ಅಪರಿಚಿತಳ ಹಾಗೆ ಬರೆದೆಯಲ್ಲ, ಅದನ್ನು ಹತ್ತು ಕಡತಗಳ ನಡುವೆ ಇನ್ನೊಂದು ಕಡತ ಎಂದು ಓದಿದೆ. ಪಿಟೀಲು ಎಂದು ಕರೆದಿದ್ದರೆ ಎದ್ದು ಓಡಿ ಬರುತ್ತಿದ್ದೆ.

ಅಮ್ಮ ಯಾಕೆ ಫೋನಿಗೆ ಸಿಗುತ್ತಿಲ್ಲ?


ಜೂನ್ 8, 1998

ಚಿಕ್ಕಿ,

ನಿನ್ನೆ ಆಸ್ಪತ್ರೆಗೆ ಬಂದಿದ್ದೆ. ನೀನು ಔಷಧಿ ತರಲು ಹೋಗಿದ್ದೆ. ನಿನ್ನ ಚೀಲ ಮಂಚದ ಪಕ್ಕ ಇತ್ತು, ಅದರಿಂದ ಗೊತ್ತಾಯಿತು. ನೀನು ಬರುವಷ್ಟರಲ್ಲಿ ಹೊರಟುಬಿಟ್ಟೆ. ಬೇಕೆಂದೇ.

"ಅಕ್ಕ ಚೆನ್ನಾಗಿದ್ದಾಳೆ." ಹೋದ ವರ್ಷದ್ದಲ್ಲ, ಈ ಮೇ ಹದಿನೇಳನೇ ತಾರೀಕು ಬರೆದದ್ದು. ಆ ಹೊತ್ತಿಗೆ ಅಮ್ಮನ ಕಾಲು ಮೊಣಕಾಲಿನವರೆಗೆ ಊದಿತ್ತಂತೆ. ಸತ್ತ ಮೀನು ತೆಗೆಯಲು ಬರಿಗಾಲಲ್ಲಿ ನೀರಿಗೆ ಇಳಿದಳು, ಒಡೆದ ಗಾಜು ತುಳಿದಳು, ಆ ನೀರು ಗಾಯಕ್ಕೆ ಹೋಯಿತು. ಸಕ್ಕರೆ ಕಾಯಿಲೆ ಇರುವವಳು. ಎರಡು ಬೆರಳು ತೆಗೆದಿದ್ದಾರೆ ಚಿಕ್ಕಿ. ಎಡಗಾಲಿನ ಹೆಬ್ಬೆರಳು, ಅದರ ಪಕ್ಕದ್ದು.

ನನಗೆ ಯಾರು ಹೇಳಿದರು ಗೊತ್ತಾ? ಮುಖ್ಯ ಎಂಜಿನಿಯರ್. ಕೋಣೆಗೆ ಕರೆಸಿ ಬಾಗಿಲು ಹಾಕಿಸಿ, "ನಿಮ್ಮ ತಾಯಿಯವರು ದೂರು ಗೀರು ಕೊಡೋ ಯೋಚನೆಯಲ್ಲಿ ಇಲ್ಲ ತಾನೇ?" ಎಂದರು. ನಾನು "ಯಾವ ದೂರು ಸಾರ್?" ಎಂದೆ. ನನ್ನ ಅಮ್ಮನ ಕಾಲಿನ ಬೆರಳು ಹೋದದ್ದನ್ನು ಆ ಮನುಷ್ಯನ ಬಾಯಿಂದ ಕೇಳಿದೆ.

ಅಮ್ಮ ನನ್ನನ್ನು ನೋಡಿ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡಳು. "ಊಟ ಆಯ್ತಾ?" ಎಂದಳು. ಅಷ್ಟೇ ಕೇಳಿದಳು.

ನನ್ನ ಸುಳ್ಳಿಗೆ ಒಂದು ಕಾರಣ ಇತ್ತು. ನಿನ್ನ ಸುಳ್ಳಿಗೆ ಏನು ಕಾರಣ, ನನ್ನನ್ನು ಸುಡುವುದು ಬಿಟ್ಟು?


ಜೂನ್ 20, 1998

ಪಿಟೀಲು,

ಕಾರಣ ನಿನ್ನ ಅಮ್ಮ. "ಅವಳಿಗೆ ತಿಳಿಸಿದ್ರೆ ನಾನು ನಿನ್ನ ಜೊತೆ ಮಾತಾಡಲ್ಲ. ಅವಳದೇ ಯೋಜನೆ ಅಂತ ಊರೆಲ್ಲ ಗೊತ್ತು. ಇದೂ ಅವಳ ತಲೆ ಮೇಲೆ ಬೀಳ್ಬೇಕಾ?" ಎಂದಳು. ಜ್ವರದಲ್ಲಿ ನನ್ನ ಕೈ ಹಿಡಿದುಕೊಂಡು ಆಣೆ ಹಾಕಿಸಿಕೊಂಡಳು. ನನ್ನನ್ನು ಸಾಕಿದವಳು ಅವಳು. ಅವಳ ಮಾತು ಮೀರಲೋ, ನಿನ್ನ ಕಣ್ಣಲ್ಲಿ ಸುಳ್ಳಿಯಾಗಲೋ? ಅತ್ತ ದರಿ, ಇತ್ತ ಪುಲಿ.

ಆದರೆ ಸುಳ್ಳು ಯಾಕೆ ಹೇಳಲಿ. ನಿನಗೆ ಗೊತ್ತಾಗದಿರಲಿ ಎಂದು ನನಗೂ ಅನ್ನಿಸಿತ್ತು. ನಿನಗೆ ಗೊತ್ತಾದರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಸಿಟ್ಟು ಇಳಿಯುತ್ತದೆ. ಇಳಿಯುವುದು ನನಗೆ ಬೇಕಿರಲಿಲ್ಲ.

ಲಾರಿ ನಿಲ್ದಾಣದ ವಿಷಯ ಬರೆದಿದ್ದೀಯ. ನಂಬುತ್ತೇನೆ. ಆದರೆ ನಾನು ಬಂದು ಮೆಟ್ಟಿಲ ಮೇಲೆ ಕೂಗಾಡುತ್ತಿದ್ದೆ ಎಂದೆಯಲ್ಲ, ಕೂಗಾಡಲು ಬಿಡಬೇಕಿತ್ತು. ಆ ಕೋಣೆಯಲ್ಲಿ ಕೂತವರೆಲ್ಲ ಒಂದೇ ಮಾತು ಆಡುವವರು. ಅಲ್ಲಿ ಬೇರೆ ಮಾತು ಆಡಲು ಇದ್ದವಳು ನೀನೊಬ್ಬಳು, ನೀನೂ ಅವರ ಮಾತನ್ನೇ ಕಲಿತೆ.

ಆಗಸ್ಟ್ ಮೂರಕ್ಕೆ ವಿಚಾರಣೆ. ನಿನ್ನನ್ನೂ ಕರೆದಿದ್ದಾರಂತೆ. ನಾನು ನಿನ್ನನ್ನು ಏನೂ ಕೇಳುವುದಿಲ್ಲ.

ಚಿಕ್ಕಿ


ಆಗಸ್ಟ್ 4, 1998

ಪಿಟೀಲು,

ನಿನ್ನೆ ನೀನು ನಿಜ ಹೇಳಿದೆ. ಅದಕ್ಕೆ ನನ್ನ ಕೆಲಸ ಉಳಿಯುತ್ತದೆ, ಗೊತ್ತು.

ನಾನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ನೀನು ನನ್ನ ಕಡೆ ತಿರುಗಲಿಲ್ಲ. ಮುಖ್ಯ ಎಂಜಿನಿಯರ್ ತಮ್ಮ ಕನ್ನಡಕ ಒರೆಸುತ್ತಾ ನಿನಗೆ ದಾರಿ ತೋರಿಸಿದರು: "ಹುಳದ ವಿಷಯ ಮೇಲ್ವಿಚಾರಕಿ ನಮ್ಮ ಗಮನಕ್ಕೆ ತರಲೇ ಇಲ್ಲ, ಅಲ್ವೇನಮ್ಮ?" ನೀನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿದಿತ್ತು. ನೀನು ಎದ್ದು ನಿಂತೆ. "ತಂದಿದ್ರು ಸಾರ್. ಯೋಜನೆ ಬೇಡ ಅಂತಾನೂ ಬರೆದಿದ್ರು, ಹುಳ ಬಂದಾಗಲೂ ಬರೆದಿದ್ರು. ಎರಡನ್ನೂ ನಾನು ನಿಮ್ಮ ತನಕ ತರಲಿಲ್ಲ" ಎಂದೆ.

ಎರಡನ್ನೂ!

"ಮುಖ್ಯ ಎಂಜಿನಿಯರ್ ಒಪ್ಪಲಿಲ್ಲ" ಎಂದು ಬರೆದಿದ್ದೆಯಲ್ಲೇ ನನಗೆ. ಬಡ್ತಿ ಬಂದು ಆರು ತಿಂಗಳಾಗಿರಲಿಲ್ಲ, ಕಿಟಕಿ ಇದ್ದ ಕೋಣೆ. ಅದಕ್ಕೇನಾ? ಮೊದಲನೇ ಸುಳ್ಳು ಹೊಂಡ ಉಳಿಸಲು, ಸರಿ. ಎರಡನೆಯದು ಏನು ಉಳಿಸಲು? ಜನವರಿಯಲ್ಲಿ ಮೂರು ಹೊಂಡಕ್ಕೆ ಬೇರೆ ಗಿಡ ನೆಟ್ಟಿದ್ದರೆ ಮೂರಾದರೂ ನಿಂತಿರುತ್ತಿದ್ದವು. ಅರ್ಧ ನದಿ ಉಳಿಯುತ್ತಿತ್ತು. ಆ ಹೆಂಗಸು ನನ್ನ ಮೇಜಿನ ಮೇಲೆ ನೀರು ಸುರಿಯುತ್ತಿರಲಿಲ್ಲ. ಅಕ್ಕನ ಕಾಲು... ಬೇಡ, ಅದನ್ನು ಬರೆಯುವುದಿಲ್ಲ.

ನಿಜ ಹೇಳಿದವಳನ್ನು ಮೆಚ್ಚಬೇಕಂತೆ. ಹೊರಗೆ ವಾಲ್ವ್‌ಮನ್ ಕಣ್ಣೊರೆಸಿಕೊಳ್ಳುತ್ತಾ "ಮೇಡಂ, ಎಷ್ಟಾದ್ರೂ ನಿಮ್ಮ ರಕ್ತ" ಎಂದ. ಅವನ ಮೇಲೂ ರೇಗಿದೆ.


ಆಗಸ್ಟ್ 29, 1998

ಚಿಕ್ಕಿ,

ಉಪ್ಪು ತಿಂದವಳು ನೀರು ಕುಡಿಯಬೇಕು, ಕುಡಿಯುತ್ತಿದ್ದೇನೆ. ನನ್ನನ್ನು ನೀರಿನ ಬಿಲ್ಲು ವಿಭಾಗಕ್ಕೆ ಹಾಕಿದ್ದಾರೆ. ನೆಲಮಾಳಿಗೆ. ದಿನವಿಡೀ ಜನ ಬಂದು ಬಿಲ್ಲು ಜಾಸ್ತಿ ಬಂತೆಂದು ಬೈಯುತ್ತಾರೆ. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ.

ಎರಡನೆಯದು ಏನು ಉಳಿಸಲು ಎಂದು ಕೇಳಿದ್ದೀಯ. ನನ್ನನ್ನು. ಅದಕ್ಕೆ ಬೇರೆ ಹೆಸರಿಲ್ಲ.

ಮುಖ್ಯ ಎಂಜಿನಿಯರಿಗೆ ಏನೂ ಆಗಿಲ್ಲ. ಅವರು ಮೇಲೆಯೇ ಇದ್ದಾರೆ. ಹೊಟ್ಟೆಗೆ ಹಾಕಿಕೊ ಎಂದು ಕೇಳಲು ಕಾಗದ ಎತ್ತಿಕೊಂಡೆ, ಈಗ ಕೇಳಲು ಆಗುತ್ತಿಲ್ಲ. ಅಮ್ಮ ಹೇಗಿದ್ದಾಳೆ? ಈ ಸಲ ನಿಜ ಬರೆ.

ಪಿಟೀಲು


ಅಕ್ಟೋಬರ್ 18, 1998

ಪಿಟೀಲು,

ಹೊಟ್ಟೆಗೆ ಹಾಕಿಕೊಳ್ಳಲು ನನ್ನ ಹೊಟ್ಟೆಯೇನು ಕೊಳಚೆ ಹೊಂಡವಾ, ಸುರಿದದ್ದನ್ನೆಲ್ಲ ಹಿಡಿಸಿಕೊಳ್ಳಲು? ಕೇಳದಿದ್ದದ್ದು ಒಳ್ಳೆಯದಾಯಿತು.

ಮಂಡಳಿಯ ತೀರ್ಪು ಬಂದಿದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಎರಡು ಹೊಂಡಗಳಲ್ಲಿ "ಪ್ರಾಯೋಗಿಕವಾಗಿ" ಬೆರಕೆ ಗಿಡ ನೆಡಬಹುದಂತೆ. ಉಳಿದ ನಾಲ್ಕಕ್ಕೆ ಮತ್ತೆ ಅದೇ ಜೊಂಡು. ಯಾಕೆ ಸ್ವಾಮೀ ಎಂದರೆ, ಮಂಜೂರಾತಿ ಜೊಂಡಿಗೆ ಆಗಿದೆ! ನಾಲ್ಕು ಹೊಂಡಕ್ಕೆ ಮತ್ತೆ ಅರ್ಜಿ ಕೊಟ್ಟಿದ್ದೇನೆ. ತಿರಸ್ಕರಿಸಿದರೆ ಮತ್ತೆ ಕೊಡುತ್ತೇನೆ. ಈ ಸಲ ಮೆಟ್ಟಿಲ ಮೇಲೆ ನಿಂತು ಕೂಗಾಡಿಯೇ ಕೊಡುತ್ತೇನೆ.

ಎರಡು ಹೊಂಡಕ್ಕೆ ಗಿಡ ಎಲ್ಲಿಂದ ತರಲಿ? ಕಿತ್ತದ್ದನ್ನೆಲ್ಲ ಆಗಲೇ ಸುಟ್ಟಾಗಿತ್ತು. ಬಸ್ ನಿಲ್ದಾಣದ ಹಿಂದಿನ ಚರಂಡಿಯಲ್ಲಿ ಕೆಸು ಸಿಕ್ಕಿತು. ರೈಲು ಹಳಿಯ ಪಕ್ಕದ ಗುಂಡಿಯಲ್ಲಿ ಆಪು. ಬಜೆ ಮಾತ್ರ ಎಲ್ಲೂ ಇಲ್ಲ, ಇನ್ನೂ ಹುಡುಕುತ್ತಿದ್ದೇನೆ. ಮೇಲ್ವಿಚಾರಕಿ ಚರಂಡಿಯಲ್ಲಿ ಇಳಿದು ನಿಂತಿದ್ದನ್ನು ನೋಡಿ ಬಸ್ಸು ಕಾಯುತ್ತಿದ್ದವರೊಬ್ಬರು, "ಏನಮ್ಮಾ, ಸರ ಬಿತ್ತಾ?" ಎಂದರು. "ಬಿದ್ದದ್ದು ಸರ ಅಲ್ಲ, ಊರು" ಎಂದೆ. ಅವರು ಬಸ್ಸು ಬರುವ ಕಡೆ ತಿರುಗಿಕೊಂಡರು. ನದಿಯಲ್ಲಿ ಮೀನು ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ನಾನು ಹೇಳಲಾರೆ.

ಈಗ ನಿಜ. ಅಕ್ಕ ಚೆನ್ನಾಗಿಲ್ಲ. ಗಾಯ ಮಾಗಿದೆ, ಕೋಲು ಹಿಡಿದು ನಡೆಯುತ್ತಾಳೆ. ಹೋದ ವಾರ ಹಟ ಹಿಡಿದು ಒಂದು ದೋಣಿ ನೀರಿಗೆ ಇಳಿಸಿದಳು. ಹತ್ತಿ ಕೂತು ಹುಟ್ಟು ಹಿಡಿದಳು. ಎಳೆದಳು, ಮೈ ಮುಂದಕ್ಕೆ ಜಾರಿತು, ದೋಣಿ ಕದಲಲಿಲ್ಲ. ಮತ್ತೆ ಎಳೆದಳು. ನಾನು ದಡದಲ್ಲಿ ನಿಂತು "ತೋಳಿನಲ್ಲಿ ಶಕ್ತಿ ಇಲ್ಲ, ಇಳಿ ಅಕ್ಕ" ಎಂದೆ. ಅವಳಿಗೆ ಬಂತು ಸಿಟ್ಟು. ನಾನು ಅವಳ ಸಿಟ್ಟು ನೋಡಿದ್ದು ಅದೇ ಮೊದಲು. "ತೋಳಲ್ಲಿ ಯಾರೇ ದೋಣಿ ನಡೆಸ್ತಾರೆ? ಕಾಲಲ್ಲಿ ನಡೆಸೋದು! ಹೆಬ್ಬೆರಳು ಊರಿ ಒದೀಬೇಕು ಆ ಹಲಗೇನ. ಈಗ ಯಾವುದ್ರಲ್ಲಿ ಒದೀಲಿ?" ಎಂದು ಹುಟ್ಟನ್ನು ದೋಣಿಯೊಳಗೆ ಎಸೆದಳು. ನಲವತ್ತು ವರ್ಷ ಅವಳ ದೋಣಿಯಲ್ಲಿ ಕೂತಿದ್ದೇವೆ ನಾವಿಬ್ಬರೂ. ಅವಳ ಕಾಲನ್ನು ಒಂದು ದಿನ ನೋಡಿದ್ದೇವಾ?

ಆಮೇಲೆ ದಡಕ್ಕೆ ಬಂದು ಕೂತು, "ಅವಳಿಗೆ ಬರಿ" ಎಂದಳು. ಏನೆಂದು ಬರೆಯಲಿ ಎಂದೆ. "ಭಾನುವಾರ ಬರಲಿ. ಅಳೋಕೆ ಬರೋದು ಬೇಡ. ಅವಳ ಕಾಲಲ್ಲಿ ಹತ್ತು ಬೆರಳಿದೆ, ದೋಣಿ ಹೊಡೆಯಲಿ."

ಬಾ. ನಾನು ನಿನ್ನ ಜೊತೆ ಮಾತಾಡುತ್ತೇನೆಂದು ಖಾತ್ರಿ ಕೊಡುವುದಿಲ್ಲ. ಬೂಟು ತೆಗೆದುಕೊಂಡು ಬಾ, ಸೋಮವಾರ ಹೊಂಡಕ್ಕೆ ಇಳಿಯುವುದಿದೆ.

ಚಿಕ್ಕಿ